ಕಾಣದವರಿಗೆ ಕೊಟ್ಟ ಮಾತು

ಚಿಕ್ಕಬಳ್ಳಾಪುರ ಜಿಲ್ಲೆ ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಮೊಹರಂ ತಿಂಗಳೆಂದರೆ ಬಾಯಾರಿಕೆಯನ್ನು ನೆನೆಯುವ ತಿಂಗಳು. ಬಹುಪಾಲು ಶಿಯಾ ಮುಸ್ಲಿಮರೇ ನೆಲೆಸಿರುವ, ಹರಳು ಸಾಣೆ ಹಿಡಿದು ಹೊಳಪು ಕೊಡುವ ಕಸುಬಿಗೆ ಹೆಸರಾದ ಊರು ಅದು. ಬಯಲುಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಬಾಬಯ್ಯನ ಹಬ್ಬವೆಂದು ಹಿಂದೂ ಮುಸ್ಲಿಮರೆನ್ನದೆ ಎಲ್ಲರೂ ಕೂಡಿ ನಡೆಸುವ ಇದೇ ಮೊಹರಂ ಇಲ್ಲಿ ಕರಿ ಬಟ್ಟೆಯ, ಶೋಕಸಭೆಗಳಾದ ಮಜ್ಲಿಸ್‌ಗಳ, ಎದೆ ಬಡಿದುಕೊಂಡು ಅಳುವ ಮಾತಂನ ಕಾಲ. ಕ್ರಿ.ಶ. 680ರಲ್ಲಿ ಕರ್ಬಲಾದ ಬಯಲಿನಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರನ್ನೂ ಅವರ ಜೊತೆಗಿದ್ದ ಹೆಂಗಸರು ಮಕ್ಕಳನ್ನೂ ಯೂಫ್ರಟಿಸ್ ನದಿಯ ನೀರಿಗೆ ಬಿಡದೆ ತಡೆದರು, ನೀರು ತರಲು ಹೋದ ತಮ್ಮ ಅಬ್ಬಾಸರು ಮರಳಿ ಬರಲಿಲ್ಲ ಎಂಬ ಕಥನ ಆ ಶೋಕದ ನಡುವಿದೆ. ಅದಕ್ಕೇ ಇರಬೇಕು, ಶಿಯಾ ಜನ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಆ ದಿನಗಳಲ್ಲಿ ಬೀದಿ ಬದಿಗೆ ಸಬೀಲ್ ಇಡುತ್ತಾರೆ: ಒಂದು ಮೇಜು, ಬಟ್ಟೆ ಹೊದಿಸಿದ ಪಾತ್ರೆ, ಸಾಲಾಗಿ ಲೋಟಗಳು, ನೀರು ಇಲ್ಲವೇ ಶರಬತ್ತು. ದಾರಿಯಲ್ಲಿ ಹೋಗುವವರು ಯಾರೇ ಆಗಲಿ, ಹೆಸರು ಕೇಳದೆ, ಊರು ಕೇಳದೆ ಲೋಟ ಕೈಗಿಡುತ್ತಾರೆ.

ಯುದ್ಧದಲ್ಲಿ ಸಾವು ಆ ಕಾಲಕ್ಕೆ ಹೊಸದಲ್ಲ, ಅನ್ಯಾಯವೂ ಹೊಸದಲ್ಲ. ಹಾಗಿದ್ದೂ ಹದಿಮೂರು ಶತಮಾನಗಳು ಕಳೆದ ಮೇಲೆ, ಕರ್ಬಲಾದಿಂದ ಸಾವಿರಾರು ಮೈಲಿ ದೂರದ ಬಯಲುಸೀಮೆಯ ಒಂದು ಊರಿನಲ್ಲಿ, ಕತ್ತಿಯೇಟಿನಷ್ಟೇ ಆಳವಾಗಿ ಆ ಬಾಯಾರಿಕೆಯೂ ನೋಯಿಸುವುದೇಕೆ? ಹಗೆತನಕ್ಕೂ ಒಂದು ಎಲ್ಲೆ ಇದೆ, ಎದುರಾಳಿಯಾದರೂ ಅವನಿಗೆ ಸಲ್ಲಬೇಕಾದದ್ದು ಒಂದಿಷ್ಟು ಉಳಿದೇ ಇರುತ್ತದೆ ಎಂಬ ತಿಳಿವಳಿಕೆ ಕಾಯಿದೆ ಹುಟ್ಟುವುದಕ್ಕಿಂತ ಎಷ್ಟೋ ಮೊದಲೇ ಮನುಷ್ಯರಲ್ಲಿ ಇದ್ದಿರಬೇಕು. ದೇಶಗಳು ಒಟ್ಟಾಗಿ ಕೂತು ಅದನ್ನು ಬರಹಕ್ಕಿಳಿಸಿದ್ದು ತೀರ ಈಚೆಗೆ. 1949ರ ಜಿನೀವಾ ಒಪ್ಪಂದಗಳಲ್ಲಿ ಮೂರನೆಯದು, ಸೆರೆಸಿಕ್ಕ ಯೋಧರಿಗೆ ಸಾಕಷ್ಟು ಕುಡಿಯುವ ನೀರು ಕೊಡಲೇಬೇಕೆಂದು ಹೇಳುತ್ತದೆ. 1977ರಲ್ಲಿ ಬಂದ ಮೊದಲ ಪೂರಕ ಒಪ್ಪಂದ ಇನ್ನೂ ಮುಂದೆ ಹೋಗಿ, ಕುಡಿಯುವ ನೀರಿನ ವ್ಯವಸ್ಥೆಯನ್ನೂ ನೀರಾವರಿ ಕಟ್ಟೆಕಾಲುವೆಗಳನ್ನೂ ಜನರ ಬದುಕಿಗೆ ಬೇಕೇಬೇಕಾದವೆಂದು ಹೆಸರಿಸಿ, ಜನರಿಂದ ಅವನ್ನು ಕಸಿಯುವ ಉದ್ದೇಶದಿಂದ ಹಾಳುಗೆಡವಕೂಡದೆಂದು ವಿಧಿಸುತ್ತದೆ. ಭಾರತ ಮೊದಲಿನದನ್ನು 1950ರಲ್ಲೇ ಅನುಮೋದಿಸಿತು. ಎರಡನೆಯದಕ್ಕೆ ಇನ್ನೂ ಸೇರಿಲ್ಲ.

ಪ್ರತಿ ವರ್ಷ ಡಿಸೆಂಬರ್ 10ರಂದು ನಮ್ಮ ತಾಲ್ಲೂಕು ಕಚೇರಿಗಳಲ್ಲಿ, ಶಾಲೆಗಳಲ್ಲಿ ಎಲ್ಲರೂ ಎದ್ದು ನಿಂತು ಕೈ ಮುಂದೆ ಚಾಚಿ ಮಾನವ ಹಕ್ಕುಗಳ ಪ್ರತಿಜ್ಞೆ ತೆಗೆದುಕೊಳ್ಳುತ್ತಾರೆ. 1948ರಲ್ಲಿ ಪ್ಯಾರಿಸ್ಸಿನಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿದ ದಿನ ಅದು. ಪ್ರತಿಜ್ಞೆ ಮುಗಿದ ಮೇಲೆ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಮರಳುತ್ತಾರೆ. ಇಂಥ ದೊಡ್ಡ ಒಪ್ಪಂದಗಳ ಬಗ್ಗೆ ನಮ್ಮಲ್ಲಿ ಎರಡು ಭಾವನೆಗಳು ರೂಢಿಯಾಗಿವೆ. ಅವು ಪವಿತ್ರ, ದೂರದಿಂದ ಕೈಮುಗಿಯಬೇಕಾದವು ಎಂಬುದೊಂದು. ಅವೆಲ್ಲ ದೊಡ್ಡವರ ಕಾಗದ, ನಮ್ಮ ಬೀದಿ ನಲ್ಲಿಗೆ ಅವುಗಳಿಂದ ಆಗಬೇಕಾದ್ದೇನೂ ಇಲ್ಲ ಎಂಬುದು ಇನ್ನೊಂದು. ಕೈಮುಗಿದವನಿಗೂ ಕೈಚೆಲ್ಲಿದವನಿಗೂ ಆ ಕಾಗದದಲ್ಲಿ ಏನು ಬರೆದಿದೆಯೆಂದು ಓದುವ ಕಷ್ಟ ತಪ್ಪುತ್ತದೆ ಎಂದು ನನಗೆ ತೋರುತ್ತದೆ.

ಓದಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಸಾಲಪತ್ರಕ್ಕೆ ಸಹಿ ಹಾಕಿದವನ ಮನೆ ಬಾಗಿಲಿಗೆ ಸಾಲ ಕೊಟ್ಟವನು ತಾನಾಗಿ ಬಂದು ನಿಲ್ಲುತ್ತಾನೆ. ಮಾತು ತಪ್ಪಿದರೆ ಕೇಳುವ ಬಾಯಿ ಎದುರಿಗೇ ಇರುತ್ತದೆ. ಮಾನವ ಹಕ್ಕುಗಳ, ಪರಿಸರ ರಕ್ಷಣೆಯ ಒಪ್ಪಂದಗಳಲ್ಲಿ ಸಹಿ ಹಾಕುವವು ಎರಡು ಸರ್ಕಾರಗಳೋ ನೂರು ಸರ್ಕಾರಗಳೋ. ಆದರೆ ಮಾತು ಸಲ್ಲಬೇಕಾದವರು ಅವರ್‍ಯಾರೂ ಅಲ್ಲ. ಸೆರೆಮನೆಯ ಕತ್ತಲಲ್ಲಿ ಕೂತವನು, ಕುದಿನೀರಿನ ಬಾಣಲೆಯ ಮುಂದೆ ನಿಂತ ಮಗು, ಹೊಳೆಯ ಕೆಳಗಿನ ಊರಿನ ಬಾವಿ, ಇನ್ನೂ ಹುಟ್ಟದಿರುವ ಮೊಮ್ಮಕ್ಕಳು. ತಮ್ಮ ಹೆಸರಿನಲ್ಲಿ ಯಾವುದೋ ಊರಲ್ಲಿ ಮಾತು ಕೊಡಲಾಗಿದೆಯೆಂಬುದೇ ಅವರಲ್ಲಿ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಹೀಗೆ ವಸೂಲಿಗೆ ಬರಲಾರದವರಿಗೆ ಕೊಟ್ಟ ಮಾತನ್ನು ಮನುಷ್ಯರು ಏಕಾದರೂ ಉಳಿಸಿಕೊಳ್ಳುತ್ತಾರೆ? ಉಳಿಸಿಕೊಳ್ಳದಿದ್ದಾಗ ಯಾವ ಸಮಾಧಾನ ಹೇಳಿಕೊಳ್ಳುತ್ತಾರೆ? ಈ ಪ್ರಶ್ನೆಯನ್ನು ಯೋಚಿಸಲು ಚಿಕ್ಕಬಳ್ಳಾಪುರದ ಸೀಮೆಗಿಂತ ತಕ್ಕ ಜಾಗ ನನಗೆ ಹೊಳೆಯುವುದಿಲ್ಲ.

ಏಕೆಂದರೆ ಇದು ನೆತ್ತಿಯ ಮೇಲಿನ ನಾಡು. ನಂದಿ ಬೆಟ್ಟದ ಸಾಲಿನ ಆಸುಪಾಸಿನಲ್ಲಿ ಬಿದ್ದ ಮಳೆ ಇಲ್ಲಿ ನಿಲ್ಲುವುದಿಲ್ಲ, ದಿಕ್ಕು ದಿಕ್ಕಿಗೆ ಇಳಿದು ಹೋಗುತ್ತದೆ. ಉತ್ತರ ಪಿನಾಕಿನಿ ಗೌರಿಬಿದನೂರನ್ನು ಹಾದು ಆಂಧ್ರಕ್ಕೆ ಇಳಿದು ನೆಲ್ಲೂರಿನ ಬಳಿ ಕಡಲು ಸೇರಬೇಕಾದವಳು. ದಕ್ಷಿಣ ಪಿನಾಕಿನಿ ಹೊಸಕೋಟೆಯ ಮೇಲೆ ತಮಿಳುನಾಡಿಗೆ, ಪಾಲಾರ್ ವೆಲ್ಲೂರಿನ ಕಡೆಗೆ, ಚಿತ್ರಾವತಿ ಬಾಗೇಪಲ್ಲಿಯ ದಾರಿಯಲ್ಲಿ ಪುಟ್ಟಪರ್ತಿಗೆ, ಅರ್ಕಾವತಿ ಕಾವೇರಿಗೆ. ಇಷ್ಟು ಹೊಳೆಗಳ ತವರಾಗಿಯೂ ಈ ಸೀಮೆಗೆ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಹಿಂದಿನವರು ಅದಕ್ಕೇ ಹಳ್ಳಕ್ಕೊಂದು ಕೆರೆ ಕಟ್ಟಿದರು, ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು ಹೋಗುವ ಹಾಗೆ ಸರಣಿ ಮಾಡಿದರು, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ನೋಡಿಕೊಳ್ಳಲು ನೀರುಗಂಟಿಯನ್ನು ನೇಮಿಸಿದರು. ಆ ಕಾಲವನ್ನು ಸುವರ್ಣಯುಗವೆಂದು ಹೊಗಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಕೆರೆಯ ನೀರನ್ನು ಮುಟ್ಟಬಾರದೆಂದು ಊರಿನ ಒಂದು ಕೇರಿಯನ್ನೇ ದೂರವಿಟ್ಟದ್ದೂ ಅದೇ ಕಾಲದವರೇ. ಆದರೆ ಮೇಲಿನವನು ತೂಬು ಎತ್ತುವಾಗ ಕೆಳಗಿನವನೊಬ್ಬ ಇದ್ದಾನೆಂಬ ಲೆಕ್ಕ ಆ ಕಟ್ಟುಪಾಡಿನಲ್ಲಿ ಇತ್ತು.

ಅದೇ ಲೆಕ್ಕ ದೊಡ್ಡ ಅಳತೆಯಲ್ಲಿ ಬಂದದ್ದು 1892ರ ಫೆಬ್ರುವರಿ 18ರಂದು, ಮೈಸೂರು ಸಂಸ್ಥಾನಕ್ಕೂ ಮದರಾಸು ಸರ್ಕಾರಕ್ಕೂ ಆದ ಒಪ್ಪಂದದಲ್ಲಿ. ಕಾವೇರಿಯ ವ್ಯಾಜ್ಯದಿಂದಾಗಿ ಅದರ ಹೆಸರು ಎಲ್ಲರ ಕಿವಿಗೂ ಬಿದ್ದಿದೆ, ಆದರೆ ಅದರ ಪಟ್ಟಿಯನ್ನು ತೆರೆದು ನೋಡಿದರೆ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್ ಎಲ್ಲವೂ ಅಲ್ಲಿವೆ. ಈ ಹೊಳೆಗಳ ಮೇಲೆ ಮೈಸೂರು ಹೊಸ ನೀರಾವರಿ ಕಟ್ಟೆ ಕಟ್ಟಬೇಕಾದರೆ ಮೊದಲು ಮದರಾಸಿನ ಒಪ್ಪಿಗೆ ಬೇಕು. ಬ್ರಿಟಿಷರ ಅಧೀನದಲ್ಲಿದ್ದ ಸಂಸ್ಥಾನ ಬ್ರಿಟಿಷರದೇ ಪ್ರಾಂತ್ಯದೊಡನೆ ಸಮಸಮನಾಗಿ ಕೂತು ಮಾತಾಡಿತೆಂದು ಯಾರು ನಂಬಿಯಾರು? ನಮ್ಮ ಕಡೆಯ ಹಿರಿಯರಲ್ಲಿ ಆ ಬಗ್ಗೆ ಇರುವ ಅಸಮಾಧಾನಕ್ಕೆ ಕಾರಣವಿದೆ. ಕೋಲಾರ ಜಿಲ್ಲೆಯ ಯರಗೋಳ್ ಬಳಿ ದಕ್ಷಿಣ ಪಿನಾಕಿನಿಯ ಉಪನದಿ ಮಾರ್ಕಂಡೇಯಕ್ಕೆ ಕುಡಿಯುವ ನೀರಿನ ಅಣೆಕಟ್ಟು ಕಟ್ಟಿದಾಗಲೂ ತಮಿಳುನಾಡು ಅದೇ ಹಳೆಯ ಕಾಗದವನ್ನು ಹಿಡಿದು ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ನವೆಂಬರಿನಲ್ಲಿ ನ್ಯಾಯಾಲಯ ಆ ಅರ್ಜಿಯನ್ನು ವಜಾ ಮಾಡಿತು.

ಅಸಮಾಧಾನವನ್ನು ಒಂದು ಗಳಿಗೆ ಪಕ್ಕಕ್ಕಿಟ್ಟು ನೋಡೋಣ. ಮೇಲಿನವನು ಕಟ್ಟುವ ಮುಂಚೆ ಕೆಳಗಿನವನನ್ನು ಕೇಳಬೇಕು ಎಂಬ ಅದರ ತಿರುಳು ತಪ್ಪೇ? ಒಂದಕ್ಕಿಂತ ಹೆಚ್ಚು ದೇಶಗಳಲ್ಲಿ ಹರಿಯುವ ನದಿಗಳ ಕುರಿತು ವಿಶ್ವಸಂಸ್ಥೆ 1997ರಲ್ಲಿ ಅಂಗೀಕರಿಸಿದ ಒಪ್ಪಂದವೂ ಇದನ್ನೇ ಹೇಳುತ್ತದೆ: ನ್ಯಾಯವಾದ ಹಂಚಿಕೆ, ನೆರೆಯವನಿಗೆ ದೊಡ್ಡ ಹಾನಿ ಮಾಡದಿರುವುದು, ಮುಂಚಿತವಾಗಿ ತಿಳಿಸುವುದು. ಭಾರತ ಆ ದಿನ ಮತ ಹಾಕದೆ ಉಳಿಯಿತು, ಇಂದಿಗೂ ಅದಕ್ಕೆ ಸೇರಿಲ್ಲ. ಕೆಲವು ನೆರೆನಾಡುಗಳಿಗೆ ನಾವು ಮೇಲಿನವರು, ಇನ್ನು ಕೆಲವರಿಗೆ ಕೆಳಗಿನವರು. ಎರಡೂ ಆಗಿರುವವನಿಗೆ ಯಾವ ನಿಯಮವೂ ಪೂರ್ತಿ ಹಿತವೆನಿಸುವುದಿಲ್ಲ. ಕೆಳಗೆ ನಿಂತಾಗ ನ್ಯಾಯ ನೆನಪಾಗುವುದು, ಮೇಲೆ ನಿಂತಾಗ ಹಕ್ಕು ನೆನಪಾಗುವುದು, ಇದು ದೇಶಗಳಿಗೆ ಮಾತ್ರ ಇರುವ ಚಾಳಿಯಲ್ಲ.

ಪಾಲಾರ್ ನದಿಯ ಕತೆ ಇದನ್ನು ಇನ್ನೂ ಹತ್ತಿರಕ್ಕೆ ತರುತ್ತದೆ. ಈ ಸೀಮೆಯಲ್ಲಿ ಹುಟ್ಟಿ ಕೆಳಗಿಳಿದ ಆ ಹೊಳೆಗೆ ವೆಲ್ಲೂರಿನ ಆಸುಪಾಸಿನ ನೂರಾರು ಚರ್ಮ ಹದಮಾಡುವ ಕಾರ್ಖಾನೆಗಳು ತಮ್ಮ ಕೊಳೆನೀರನ್ನು ಬಿಟ್ಟವು. ಚರ್ಮ ಹೊರದೇಶಕ್ಕೆ ಹೋಗಿ ಡಾಲರ್ ತಂದಿತು, ಬಾವಿಗಳ ನೀರು ಬಾಯಿಗಿಡಲಾಗದೆ ಹೋಯಿತು. ವೆಲ್ಲೂರು ನಾಗರಿಕರ ಕ್ಷೇಮಾಭಿವೃದ್ಧಿ ವೇದಿಕೆ ಹಾಕಿದ ಅರ್ಜಿಯ ಮೇಲೆ 1996ರ ಆಗಸ್ಟ್ 28ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಪೀಠ ತೀರ್ಪು ಕೊಟ್ಟಿತು. 1972ರಲ್ಲಿ ಸ್ಟಾಕ್‌ಹೋಮಿನಲ್ಲಿ, 1992ರಲ್ಲಿ ರಿಯೋ ಡಿ ಜನೈರೋದಲ್ಲಿ ದೇಶಗಳು ಒಪ್ಪಿ ಬರೆದುಕೊಂಡ ತತ್ವಗಳನ್ನು ಆ ತೀರ್ಪು ಎತ್ತಿಕೊಂಡಿತು. ಹಾನಿ ಖಚಿತವಾಗಿ ರುಜುವಾತಾಗುವವರೆಗೆ ಕಾಯದೆ ಮುಂಜಾಗ್ರತೆ ವಹಿಸಬೇಕು. ಕೊಳೆ ಮಾಡಿದವನೇ ಅದರ ಬೆಲೆ ತೆರಬೇಕು. ತನ್ನ ಕೆಲಸದಿಂದ ಹಾನಿಯಿಲ್ಲವೆಂದು ತೋರಿಸುವ ಹೊಣೆ ಉದ್ಯಮದ ಮೇಲಿದೆ. ಇವು ಈ ನೆಲದ ಕಾನೂನಿನ ಭಾಗವೇ ಎಂದು ನ್ಯಾಯಾಲಯ ಸಾರಿತು. ರಿಯೋದ ಘೋಷಣೆಗೆ ತಾನಾಗಿ ಯಾರನ್ನೂ ಕಟ್ಟಿಹಾಕುವ ಬಲವಿರಲಿಲ್ಲ. ಬಾವಿ ಕೆಟ್ಟ ಊರಿನವರು ಹೋಗಿ ಕೇಳಿದ್ದರಿಂದ ಅದಕ್ಕೆ ಆ ಬಲ ಬಂತು.

ಅಷ್ಟಾದರೂ ಪಾಲಾರ್ ಶುದ್ಧವಾಗಲಿಲ್ಲ. 2025ರ ಜನವರಿಯಲ್ಲಿ ಅದೇ ಸುಪ್ರೀಂ ಕೋರ್ಟು ಅದೇ ನದಿಯ ವಿಷಯದಲ್ಲಿ ಪರಿಹಾರ ಕೊಡಿ, ನೆಲಜಲಗಳನ್ನು ಮೊದಲಿನಂತೆ ಮಾಡಿ ಎಂದು ಮತ್ತೊಮ್ಮೆ ಆದೇಶಿಸಬೇಕಾಯಿತು. ತೀರ್ಪಿಗೂ ತೀರ್ಪಿಗೂ ನಡುವೆ ಇಪ್ಪತ್ತೆಂಟು ವರ್ಷ. ಕೂಸಾಗಿದ್ದವರು ಆ ನೀರಿನಲ್ಲೇ ಬೆಳೆದು ತಾವೇ ಮಕ್ಕಳ ತಂದೆತಾಯಿಯಾದರು. ಇದನ್ನು ನೋಡಿದವರಿಗೆ ಕಾಗದದ ಮೇಲೆ ನಂಬಿಕೆ ಹೋದರೆ ತಪ್ಪೆನ್ನಲಾರೆ. ಆದರೆ ಆ ಕಾಗದವೂ ಇಲ್ಲದಿದ್ದರೆ ಎರಡನೆಯ ಸಲ ಹೋಗಿ ನಿಲ್ಲಲು ಅವರಿಗೆ ನೆಲವೇ ಇರುತ್ತಿರಲಿಲ್ಲ ಎಂಬುದನ್ನೂ ನೆನೆಯಬೇಕು.

ಈಗ ನಮ್ಮ ಸೀಮೆಯೇ ಕೆಳಗಿನದಾಗಿದೆ. ಬೆಂಗಳೂರಿನ ಹೆಬ್ಬಾಳ ನಾಗವಾರ ಕಣಿವೆಯ ಒಳಚರಂಡಿ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಪಂಪು ಮಾಡಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಬಿಡಲಾಗುತ್ತಿದೆ. ಕೋರಮಂಗಲ ಚಲ್ಲಘಟ್ಟ ಕಣಿವೆಯದು 2018ರಿಂದ ಕೋಲಾರದ ಕಡೆಗೆ. ವರ್ಷಗಟ್ಟಲೆ ಬಿರುಕುಬಿಟ್ಟಿದ್ದ ಕೆರೆಯಂಗಳದಲ್ಲಿ ನೀರು ನಿಂತದ್ದನ್ನು ಕಂಡು ಕಣ್ಣೊರೆಸಿಕೊಂಡ ರೈತರಿದ್ದಾರೆ, ಬತ್ತಿದ ಕೊಳವೆಬಾವಿಗೆ ಜೀವ ಬಂತೆನ್ನುವವರಿದ್ದಾರೆ. ಮೂರನೆಯ ಹಂತದ ಶುದ್ಧೀಕರಣ ಮಾಡದೆ ಮಹಾನಗರದ ಕೊಳೆಯನ್ನು ನಮ್ಮ ಅಂತರ್ಜಲಕ್ಕೆ ಇಳಿಸಬೇಡಿ ಎಂದು ಬೀದಿಗಿಳಿದವರೂ ಇದ್ದಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಒಣಗಿದ ಗಂಟಲಿನವನ ಮುಂದೆ ಸಂಶಯದ ನೀರಿಟ್ಟು ಬೇಕೋ ಬೇಡವೋ ಎಂದು ಕೇಳುವುದು ಒಪ್ಪಿಗೆ ಪಡೆಯುವ ರೀತಿಯೇ? ನಗರದಲ್ಲಿ ನಲ್ಲಿ ತಿರುಗಿಸುವವನಿಗೆ ತಾನು ಒಂದು ಹೊಳೆಯ ಮೇಲಿನ ದಂಡೆಯಲ್ಲಿ ನಿಂತಿದ್ದೇನೆಂದು ಅನಿಸುವುದೇ ಇಲ್ಲ. ಆ ಹೊಳೆ ಪೈಪಿನೊಳಗಿದೆ.

ನಾವೂ ಬರೇ ಕೆಳಗಿನವರಲ್ಲ. ನೆಲದಡಿಯ ನೀರಿಗೆ ಬಂದರೆ ಪ್ರತಿಯೊಬ್ಬನೂ ಇನ್ನೊಬ್ಬನಿಗೆ ಮೇಲಿನವನೇ. ಸಾವಿರ ಅಡಿಗೆ ಕೊರೆಸಿದವನ ಪಕ್ಕದ ಹೊಲದವನು ಸಾವಿರದಿನ್ನೂರಕ್ಕೆ ಹೋಗುತ್ತಾನೆ, ಅಷ್ಟು ಸಾಲ ಎತ್ತಲಾರದ ಮೂರನೆಯವನು ಹೊಲ ಬೀಳುಬಿಟ್ಟು ಬೆಂಗಳೂರಿನ ಬಸ್ಸು ಹತ್ತುತ್ತಾನೆ. 2011ರಲ್ಲಿ ರಾಜ್ಯ ಅಂತರ್ಜಲ ಕಾಯಿದೆ ತಂದಿತು, ಕೊಳವೆಬಾವಿ ನೋಂದಾಯಿಸಬೇಕೆಂದಿತು. ರಿಗ್ ಲಾರಿ ಊರಿಗೆ ಬಂದ ರಾತ್ರಿ ಆ ಕಾಯಿದೆಯನ್ನು ನೆನೆಸಿಕೊಂಡವರು ಎಷ್ಟು ಜನ? ಆಳದ ಬಂಡೆಯಿಂದ ಮೇಲೆ ಬರುವ ನೀರು ತನ್ನೊಡನೆ ಫ್ಲೋರೈಡನ್ನು ತರುತ್ತದೆ. ಲೀಟರಿಗೆ ಒಂದು ಮಿಲಿಗ್ರಾಂ ಮೇಲ್ಪಟ್ಟು ಇರಬಾರದು, ಬೇರೆ ದಾರಿಯೇ ಇಲ್ಲದಿದ್ದಲ್ಲಿ ಒಂದೂವರೆವರೆಗೆ ಸಹಿಸಬಹುದು ಎನ್ನುವುದು ಭಾರತೀಯ ಮಾನಕ. ಬಾಗೇಪಲ್ಲಿ, ಗುಡಿಬಂಡೆ ಕಡೆಯ ಹಳ್ಳಿಗಳಲ್ಲಿ ಮಕ್ಕಳು ಬಾಯ್ತುಂಬ ನಕ್ಕಾಗ ಹಲ್ಲಿನ ಮೇಲೆ ಕಾಣುವ ಕಂದು ಗೆರೆಗಳು ಆ ಅಳತೆ ಮೀರಿದ್ದರ ಗುರುತು. ದೊಡ್ಡವರಿಗೆ ಅದು ಮೂಳೆಗೆ ಇಳಿಯುತ್ತದೆ, ಮಂಡಿ ಬಿಗಿಯುತ್ತದೆ.

ನೀರು ಮನುಷ್ಯನ ಹಕ್ಕು ಎಂದು ವಿಶ್ವಸಂಸ್ಥೆಯ ಮಹಾಸಭೆ 2010ರ ಜುಲೈ 28ರಂದು ನಿರ್ಣಯ ಮಾಡಿತು. 122 ದೇಶಗಳು ಪರವಾಗಿ ಕೈಯೆತ್ತಿದವು, ಅದರಲ್ಲಿ ಭಾರತವೂ ಒಂದು; ವಿರೋಧಿಸಿದವರು ಯಾರೂ ಇಲ್ಲ. ಅದಕ್ಕೂ ಮುಂಚೆ, ಭಾರತ 1979ರಲ್ಲಿ ಸೇರಿಕೊಂಡ ಆರ್ಥಿಕ, ಸಾಮಾಜಿಕ ಹಕ್ಕುಗಳ ಒಪ್ಪಂದದಲ್ಲಿಯೇ ಈ ಹಕ್ಕು ಅಡಗಿದೆಯೆಂದು ಅದರ ಸಮಿತಿ 2002ರಲ್ಲಿ ವಿವರಿಸಿತ್ತು. ನಮ್ಮ ಹಳ್ಳಿಗಳಲ್ಲಿ ಆ ಹಕ್ಕು ನಾಣ್ಯ ನುಂಗುವ ಒಂದು ಯಂತ್ರದ ರೂಪದಲ್ಲಿ ಬಂದಿದೆ. ಶುದ್ಧ ಕುಡಿಯುವ ನೀರಿನ ಘಟಕದ ಕಿಂಡಿಗೆ ನಾಣ್ಯ ಹಾಕಿದರೆ ಕ್ಯಾನಿಗೆ ಇಪ್ಪತ್ತು ಲೀಟರ್ ನೀರು ಬೀಳುತ್ತದೆ. ಬೆಳಿಗ್ಗೆ ಕ್ಯಾನುಗಳ ಸಾಲು, ಸೈಕಲ್ಲಿನ ಕ್ಯಾರಿಯರಿಗೆ ಟ್ಯೂಬಿನಿಂದ ಬಿಗಿದ ಕ್ಯಾನು, ಸೊಂಟದ ಮೇಲೊಂದು ಕೈಯಲ್ಲೊಂದು ಹಿಡಿದ ಹೆಂಗಸರು. ಕರೆಂಟು ಹೋದರೆ ನೀರಿಲ್ಲ, ಫಿಲ್ಟರು ಬದಲಾಯಿಸಲು ಗುತ್ತಿಗೆದಾರ ಬಾರದಿದ್ದರೆ ನೀರು ಬಂದರೂ ಶುದ್ಧವೆಂಬ ಖಾತ್ರಿಯಿಲ್ಲ. ಆ ಯಂತ್ರವನ್ನು ಹಳಿಯಲು ನನಗೆ ಬಾಯಿ ಬಾರದು. ಅದಿಲ್ಲದ ದಿನ ಮಗು ಏನು ಕುಡಿಯುತ್ತದೆಂದು ಬಲ್ಲೆ. ಆದರೂ ಸಬೀಲ್‌ನ ಮುಂದೆ ನಿಂತವನಿಗೂ ಈ ಕಿಂಡಿಯ ಮುಂದೆ ನಿಂತವಳಿಗೂ ಎಷ್ಟು ಅಂತರ! ಅಲ್ಲಿ ಕೊಡುವವರಿಗೆ ಪುಣ್ಯ, ಕುಡಿದವರಿಗೆ ತಂಪು. ಇಲ್ಲಿ ಕೊಡುವವರು ಯಾರೆಂದೇ ತಿಳಿಯದು. ದಾನಕ್ಕೆ ಮುಖವಿದೆ, ಆದರೆ ನಾಳೆಯೂ ಕೊಡಬೇಕೆಂಬ ಕಟ್ಟಿಲ್ಲ. ಹಕ್ಕಿಗೆ ಆ ಕಟ್ಟಿದೆ, ಆದರೆ ಅದರ ಹಿಂದೆ ಒಂದು ಮುಖವನ್ನು ಹುಡುಕಿ ಹೊಣೆ ಹೊರಿಸಬೇಕಾದ ಕೆಲಸ ಬಾಕಿ ಉಳಿಯುತ್ತದೆ.

ಮಾತು ಕೊಡುವಾಗ ಮನುಷ್ಯ ತನಗೇ ಬಿಟ್ಟುಕೊಳ್ಳುವ ಸಂದುಗಳನ್ನು ನೋಡಬೇಕಾದರೆ ರೇಷ್ಮೆಯ ಕಡೆ ತಿರುಗಬೇಕು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ದೇಶದಲ್ಲೇ ಹೆಸರಾದದ್ದು. ನೂಲು ಬಿಚ್ಚುವ ಮನೆಯೊಳಗೆ ಹೋದವರಿಗೆ ಗೊತ್ತು: ಬೇಯುತ್ತಿರುವ ಗೂಡಿನ ಮತ್ತು ಹುಳುವಿನ ವಾಸನೆ, ಕಣ್ಣಿಗೆ ಕಟ್ಟುವ ಹಬೆ, ಬಿಸಿನೀರಿನಲ್ಲಿ ಕೈಯಾಡಿಸಿ ಕೂದಲಿಗಿಂತ ಸಣ್ಣ ಎಳೆಯ ತುದಿ ಹುಡುಕುವ ಬೆರಳುಗಳು, ದಿನವಿಡೀ ನೆನೆದು ಬೆಳ್ಳಗಾಗಿ ಸುಲಿದ ಆ ಬೆರಳುಗಳ ಚರ್ಮ. ಕರ್ನಾಟಕದ ರೇಷ್ಮೆ ಊರುಗಳಲ್ಲಿ ಅವು ಎಷ್ಟೋ ಕಾಲ ಮಕ್ಕಳ ಬೆರಳುಗಳೂ ಆಗಿದ್ದವು, ತಂದೆ ಪಡೆದ ಮುಂಗಡದ ಸಾಲಕ್ಕೆ ಒತ್ತೆಯಾದವು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಭಾರತದ ರೇಷ್ಮೆ ಉದ್ಯಮದಲ್ಲಿ ಜೀತದ ಮಕ್ಕಳಿರುವ ಬಗ್ಗೆ ವರದಿಯನ್ನೇ ತಂದಿತು. ಅಷ್ಟರಲ್ಲಾಗಲೇ ಭಾರತ 1992ರ ಡಿಸೆಂಬರಿನಲ್ಲಿ ಮಕ್ಕಳ ಹಕ್ಕುಗಳ ಒಪ್ಪಂದಕ್ಕೆ ಸೇರಿತ್ತು. ಸೇರುವಾಗ ಮಕ್ಕಳ ದುಡಿಮೆಯ ವಿಧಿಗೆ ಒಂದು ಟಿಪ್ಪಣಿ ಲಗತ್ತಿಸಿತ್ತು: ಎಲ್ಲ ಕೆಲಸಗಳಿಗೂ ಈಗಿಂದೀಗಲೇ ಕನಿಷ್ಠ ವಯಸ್ಸು ಗೊತ್ತುಮಾಡುವುದು ಆಗುವ ಮಾತಲ್ಲ, ಹಂತಹಂತವಾಗಿ ಮಾಡುತ್ತೇವೆ ಎಂದು.

ಬಡ ದೇಶವೊಂದರ ಪ್ರಾಮಾಣಿಕ ಮಾತು ಅದಾಗಿರಬಹುದು. ಮಗು ಮನೆಗೆ ತರುವ ಹತ್ತಿಪ್ಪತ್ತು ರೂಪಾಯಿ ನಿಂತರೆ ಒಲೆ ಉರಿಯದ ಮನೆಗಳು ಇದ್ದದ್ದು ಸುಳ್ಳಲ್ಲ. ಆದರೆ ಹಂತಹಂತವಾಗಿ ಎಂದು ಹೇಳುವವನು ಒಂದು ಹಂತದಲ್ಲಿ ಹಾಯಾಗಿ ಕೂತುಬಿಡುವುದನ್ನು ನಾವು ನಮ್ಮ ಮನೆಗಳಲ್ಲೇ ನೋಡಿಲ್ಲವೆ? ಮಗುವಿನ ಬಾಲ್ಯಕ್ಕೆ ಹಂತಗಳಿಲ್ಲ, ಅದು ಕಾಯುವುದೂ ಇಲ್ಲ. ದುಡಿಮೆಗೆ ಕನಿಷ್ಠ ವಯಸ್ಸು ಗೊತ್ತುಮಾಡುವ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 138ನೆಯ ಒಪ್ಪಂದವನ್ನೂ, ಮಕ್ಕಳ ದುಡಿಮೆಯ ಅತಿ ಘೋರ ರೂಪಗಳನ್ನು ತಡೆಯುವ 182ನೆಯದನ್ನೂ ಭಾರತ ಅನುಮೋದಿಸಿದ್ದು 2017ರ ಜೂನಿನಲ್ಲಿ, ಅದರ ಹಿಂದಿನ ವರ್ಷ ತನ್ನ ಕಾಯಿದೆಯನ್ನು ತಿದ್ದಿಕೊಂಡ ಮೇಲೆ. 1992ರಲ್ಲಿ ಬಾಣಲೆಯ ಮುಂದಿದ್ದ ಮಗುವಿಗೆ ಅಷ್ಟರಲ್ಲಿ ಮೂವತ್ತು ದಾಟಿತ್ತು. ಚಿತ್ರಹಿಂಸೆಯ ವಿರುದ್ಧದ ಒಪ್ಪಂದದ ಕತೆಯೂ ಇದೇ ಜಾಡಿನದು: 1997ರಲ್ಲಿ ಸಹಿ ಬಿತ್ತು, ಅನುಮೋದನೆ ಇನ್ನೂ ಆಗಿಲ್ಲ. ಶುದ್ಧ, ಆರೋಗ್ಯಕರ ಪರಿಸರ ಮಾನವ ಹಕ್ಕೆಂದು 2021ರ ಅಕ್ಟೋಬರಿನಲ್ಲಿ ಮಾನವ ಹಕ್ಕುಗಳ ಮಂಡಳಿ ಹೇಳಿದಾಗ 43 ದೇಶಗಳು ಒಪ್ಪಿದವು, ನಾಲ್ಕು ತಟಸ್ಥವಾದವು. ಆ ನಾಲ್ಕರಲ್ಲಿ ನಾವೂ ಇದ್ದೆವು. ಇದನ್ನು ಹೇಳುವಾಗ ನನಗೆ ನೋವಾಗುತ್ತದೆ. ಸ್ಟಾಕ್‌ಹೋಮಿನ 1972ರ ಪರಿಸರ ಸಭೆಗೆ ಆತಿಥೇಯ ದೇಶದ ಪ್ರಧಾನಿಯನ್ನು ಬಿಟ್ಟರೆ ಸ್ವತಃ ಹೋದ ಒಬ್ಬರೇ ಪ್ರಧಾನಿ ನಮ್ಮವರು, ಇಂದಿರಾ ಗಾಂಧಿ. ನಮ್ಮ 1981ರ ವಾಯು ಕಾಯಿದೆ, 1986ರ ಪರಿಸರ ಸಂರಕ್ಷಣಾ ಕಾಯಿದೆ ತಮ್ಮ ಮೊದಲ ಸಾಲುಗಳಲ್ಲೇ ಆ ಸಭೆಯನ್ನು ನೆನೆಯುತ್ತವೆ. ಅಂತರರಾಷ್ಟ್ರೀಯ ಒಪ್ಪಂದಗಳನ್ನು ಗೌರವಿಸಲು ಯತ್ನಿಸಬೇಕೆಂದು ಸಂವಿಧಾನದ 51ನೆಯ ವಿಧಿ ಪ್ರಭುತ್ವಕ್ಕೆ ಹೇಳುತ್ತದೆ, ಅವನ್ನು ಜಾರಿಗೆ ತರಲು ಇಡೀ ದೇಶಕ್ಕೆ ಕಾಯಿದೆ ಮಾಡುವ ಅಧಿಕಾರವನ್ನು 253ನೆಯ ವಿಧಿ ಸಂಸತ್ತಿಗೆ ಕೊಡುತ್ತದೆ. ಮಾತು ಕೊಡುವುದನ್ನೂ ಉಳಿಸಿಕೊಳ್ಳುವುದನ್ನೂ ಬಲ್ಲ ದೇಶ ನಮ್ಮದು ಎಂಬುದಕ್ಕೇ ಹಿಂಜರಿತ ಹೆಚ್ಚು ಕಾಣುತ್ತದೆ.

ಕಾಣದವರಿಗೆ ಕೊಟ್ಟ ಮಾತು ಉಳಿಯಬೇಕಾದರೆ ಅವರು ಕಾಣಿಸಿಕೊಳ್ಳಬೇಕು, ಬಂದು ಕೇಳಬೇಕು. ಕೇಳಲು ಹೆದರಿಕೆ ಇರಬಾರದು. ಅಲೀಪುರ ಇರುವ ಇದೇ ತಾಲ್ಲೂಕಿನಲ್ಲಿ, ಉತ್ತರ ಪಿನಾಕಿನಿಯ ದಂಡೆಯ ವಿದುರಾಶ್ವತ್ಥದಲ್ಲಿ, 1938ರ ಏಪ್ರಿಲ್ 25ರಂದು ಕಾಂಗ್ರೆಸ್ಸಿನ ಬಾವುಟ ಏರಿಸಲು ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟೆಂಬುದರಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಹೊಂದಿಕೆಯಾಗಲಿಲ್ಲ. ಆ ನೆತ್ತರಿನ ನಂತರವೇ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲರ ನಡುವೆ ಮಿರ್ಜಾ-ಪಟೇಲ್ ಒಪ್ಪಂದ ಆಯಿತು, ಮೈಸೂರಿನ ಬಾವುಟದ ಜೊತೆಗೆ ಕಾಂಗ್ರೆಸ್ಸಿನ ಬಾವುಟಕ್ಕೂ ಜಾಗ ಸಿಕ್ಕಿತು. ಶಾಂತಿಯಿಂದ ಸೇರುವ ಹಕ್ಕು ವಿಶ್ವಸಂಸ್ಥೆಯ ಘೋಷಣೆಯಲ್ಲಿ ಬರುವುದಕ್ಕೆ ಆಗ ಇನ್ನೂ ಹತ್ತು ವರ್ಷ ಇತ್ತು. ನೀರಿನ ಹಕ್ಕು ಬೇರೆ, ಸಭೆ ಸೇರುವ ಹಕ್ಕು ಬೇರೆ ಎಂದು ನಾವು ಪುಸ್ತಕಗಳಲ್ಲಿ ವಿಂಗಡಿಸುತ್ತೇವೆ. 2016ರ ಮಾರ್ಚಿನಲ್ಲಿ ಶಾಶ್ವತ ನೀರಾವರಿ ಬೇಕೆಂದು ಟ್ರ್ಯಾಕ್ಟರುಗಳಲ್ಲಿ ಬೆಂಗಳೂರಿನ ಕಡೆ ಹೊರಟ ಈ ಸೀಮೆಯ ರೈತರಿಗೆ ಅವೆರಡೂ ಒಂದೇ ಹಕ್ಕಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ರಿಯೋ ಘೋಷಣೆಯ ಹತ್ತನೆಯ ತತ್ವವೂ ಇಲ್ಲಿಗೇ ಬರುತ್ತದೆ. ಪರಿಸರದ ವಿಷಯದಲ್ಲಿ ಅಧಿಕಾರಿಗಳ ಬಳಿ ಇರುವ ಮಾಹಿತಿ ಪ್ರತಿಯೊಬ್ಬರಿಗೂ ಸಿಗಬೇಕು, ತೀರ್ಮಾನದಲ್ಲಿ ಅವರಿಗೆ ಪಾಲಿರಬೇಕು ಎನ್ನುತ್ತದೆ ಅದು. ಓದಲು ಸಪ್ಪೆಯಾದ ವಾಕ್ಯ, ಆದರೆ ನನಗೆ ಎಲ್ಲಕ್ಕಿಂತ ಹತ್ತಿರದ್ದು ಅದೇ. ಜಲಜೀವನ್ ಯೋಜನೆಯಲ್ಲಿ ಊರಿಗೆ ಐದು ಜನ ಹೆಂಗಸರಿಗೆ ನೀರು ಪರೀಕ್ಷೆಯ ಪೆಟ್ಟಿಗೆ ಬಳಸುವುದನ್ನು ಕಲಿಸಬೇಕೆಂದಿದೆ. ಪುಟ್ಟ ಗಾಜಿನ ಸೀಸೆಗೆ ನಲ್ಲಿಯ ನೀರು ಹಾಕಿ, ಔಷಧದ ಹನಿಗಳನ್ನು ಎಣಿಸಿ ಬಿಟ್ಟು, ಕುಲುಕಿ, ಬಣ್ಣ ತಿರುಗುವುದನ್ನು ಬೆಳಕಿಗೆ ಹಿಡಿದು, ಪಕ್ಕದ ಚಾರ್ಟಿನ ಬಣ್ಣಗಳೊಡನೆ ಹೋಲಿಸಿ ಫ್ಲೋರೈಡ್ ಎಷ್ಟಿದೆಯೆಂದು ಬರೆದಿಡುವುದು. ನಿನ್ನೆಯವರೆಗೆ ನೀರು ಹೊರುವುದಷ್ಟೇ ತನ್ನ ಪಾಲಿನದೆಂದುಕೊಂಡಿದ್ದ ಹೆಣ್ಣುಮಗಳು ಇಂದು ಅದರ ಗುಣವನ್ನು ನಿರ್ಣಯಿಸುತ್ತಾಳೆ. ಆದರೆ ಅವಳು ಬರೆದ ಅಂಕಿಯನ್ನು ಆಮೇಲೆ ಯಾರಾದರೂ ಓದುತ್ತಾರೆಯೇ? ಗ್ರಾಮಸಭೆಯಲ್ಲಿ ಫಲಾನುಭವಿಗಳ ಪಟ್ಟಿ, ಮನೆ, ಬೀದಿದೀಪ ಎಲ್ಲದರ ಮಾತು ಬರುತ್ತದೆ, ಗಲಾಟೆಯೂ ಆಗುತ್ತದೆ. ನೀರಿನ ಪರೀಕ್ಷೆಯ ಪುಸ್ತಕ ತರಿಸಿ ಕಳೆದ ಆರು ತಿಂಗಳ ಅಂಕಿಗಳನ್ನು ಗಟ್ಟಿಯಾಗಿ ಓದಿ ಎಂದು ಎದ್ದು ನಿಂತವರನ್ನು ನೀವು ಕಂಡಿದ್ದೀರಾ? ಕೊಡುವುದಿಲ್ಲವೆಂದರೆ 2005ರ ಮಾಹಿತಿ ಹಕ್ಕಿನ ಕಾಯಿದೆ ಇದೆ, ಅರ್ಜಿಯ ಶುಲ್ಕ ಹತ್ತು ರೂಪಾಯಿ. ಅಂಕಿ ಒಂದೂವರೆ ಮೀರಿದ್ದರೆ ಮುಂದಿನ ಪ್ರಶ್ನೆ ಪಂಚಾಯಿತಿಗೆ, ಅದರ ಮುಂದಿನದು ಜಿಲ್ಲಾಡಳಿತಕ್ಕೆ. ಶಾಲೆಯ ಮಕ್ಕಳಿಗೆ ಅದೇ ಕೊಳವೆಬಾವಿಯ ನೀರು ಹೋಗುತ್ತಿದೆಯೇ ಎಂಬುದನ್ನೂ ಆಗಲೇ ಕೇಳಬೇಕು.